ಹಾಲು ಕರೆದರೆ ಎಮ್ಮೆಗೇನು ನೋವು?

"ಮಾಂಸ ಬಿಟ್ಟಾಯ್ತು, ಹಾಲೂ ಯಾಕೆ ಬಿಡಬೇಕು? ಕರೆಯುವಾಗ ಎಮ್ಮೆಗೆ ನೋವಾಗುವುದಿಲ್ಲ ಅಲ್ವಾ?" ಅಂತ ಕೇಳಿದ್ದೀರಿ. ಕರೆಯುವುದರಲ್ಲಿ ನೋವಿಲ್ಲ, ಸರಿ. ನೋವು ಇರುವುದು ಕರುವಿನ ಕಡೆ.

ಮುಧೋಳದ ಹತ್ತಿರ ನಮ್ಮ ಮನೆಯಲ್ಲಿ ಎರಡು ಎಮ್ಮೆ ಇದ್ದವು. ಹಾಲು ಬರಬೇಕಾದರೆ ಎಮ್ಮೆ ಈಯಲೇಬೇಕು, ಹತ್ತು ತಿಂಗಳ ಗಬ್ಬ. ಹೆಣ್ಣುಗರುವಾದರೆ ಚೆನ್ನಾಗಿ ಸಾಕುತ್ತಿದ್ದೆವು. ಗಂಡಾದರೆ ತಾಯಿ ಸೊರೆ ಬಿಡುವಷ್ಟು (ಹಾಲು ಇಳಿಸುವಷ್ಟು) ಹೊತ್ತು ಕೆಚ್ಚಲಿಗೆ ಬಿಟ್ಟು, ಎಳೆದು ಗೂಟಕ್ಕೆ ಕಟ್ಟುತ್ತಿದ್ದೆವು. ಒಂದು ಕರು ಹಾಗೇ ಸೊರಗಿ ಸತ್ತಿತು. ತಾಯಿ ಮೂರು ದಿನ ಆ ಖಾಲಿ ಗೂಟ ಮೂಸುತ್ತಾ ಒದರಿತು. ಹಿಂಡಿಯನ್ನೂ ಮುಟ್ಟಲಿಲ್ಲ. ಅದಕ್ಕೆ ಏನೂ ಅನಿಸಲಿಲ್ಲ ಅನ್ನಲು ನನ್ನಿಂದ ಆಗುವುದಿಲ್ಲ.

ಸಸ್ತನಿಗಳಿಗೆ, ಹಕ್ಕಿಗಳಿಗೆ ಅರಿವು ಹುಟ್ಟಿಸುವ ನರವ್ಯವಸ್ಥೆ ಇದೆ ಎಂದು 2012ರ ಕೇಂಬ್ರಿಡ್ಜ್ ಘೋಷಣೆಯಲ್ಲಿ ವಿಜ್ಞಾನಿಗಳೇ ಹೇಳಿದ್ದಾರೆ. ನೋವು-ಸುಖ ಅನುಭವಿಸಬಲ್ಲ ಪ್ರಾಣಿಗಳ ಕುರಿತ ಬ್ರಿಟನ್ನಿನ 2022ರ ಕಾನೂನು ಏಡಿ, ಆಕ್ಟೋಪಸ್‌ಗಳನ್ನೂ ಸೇರಿಸಿಕೊಂಡಿದೆ.

ಹಾಲು ಮಾರಿ ಮಕ್ಕಳನ್ನು ಓದಿಸುವವರನ್ನು ನಾನು ಬೈಯಲಾರೆ. ಆದರೆ ನೀವು ಬಾಗಲಕೋಟೆ ಪೇಟೆಯಲ್ಲಿ ಪ್ಯಾಕೆಟ್ ಕೊಳ್ಳುವವರು, ನಿಮಗೆ ಆಯ್ಕೆ ಇದೆ. ಒಂದು ತಿಂಗಳು ರೊಟ್ಟಿಗೆ ಮೊಸರಿನ ಬದಲು ಶೇಂಗಾ ಚಟ್ನಿ, ಗುರೆಳ್ಳು ಪುಡಿಗೆ ಎಣ್ಣೆ ಹಾಕಿಕೊಂಡು ಉಂಡು ನೋಡಿ. ಪೂರ್ತಿ ಬಿಟ್ಟರೆ ವಿಟಮಿನ್ ಬಿ12 ಮಾತ್ರೆ ಮಾತ್ರ ತಪ್ಪಿಸಬೇಡಿ.