ಹಳೆಯ ಡೀಸೆಲ್ ಪಿಕಪ್‌ನ ಇಂಜೆಕ್ಷನ್ ಪಂಪನ್ನು ನಾನೇ ಬದಲಿಸಬಹುದೇ?

ಬದಲಿಸಬಹುದು. ಆದರೆ ನಿಮ್ಮ ವಿವರಣೆಯನ್ನು ಓದಿದ ಮೇಲೆ, ಪಂಪನ್ನು ಕಳಚುವ ಮೊದಲು ಮಾಡಬೇಕಾದ ಕೆಲವು ಪರೀಕ್ಷೆಗಳು ಇನ್ನೂ ಬಾಕಿ ಇವೆ ಎಂದು ನನಗೆ ಅನ್ನಿಸುತ್ತದೆ. ನೀವು ಹೇಳಿರುವುದು ಇಷ್ಟು: ಬಳಸಿದ ಪಿಕಪ್ ಕೊಂಡಿದ್ದೀರಿ, ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು, ಏರಿನಲ್ಲಿ ಎಳೆತವಿಲ್ಲ, ಚೆನ್ನಾಗಿ ಓಡಿ ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ನೋಡಿದವರು ಪಂಪ್ ಹೋಗಿದೆ ಎಂದಿದ್ದಾರೆ, ಗುಜರಿಯಲ್ಲಿ ಅದೇ ಮಾದರಿಯ ಪಂಪ್ ಒಂದು ಸಿಕ್ಕಿದೆ, ಅದನ್ನು ಮನೆಯಲ್ಲೇ ಕೂಡಿಸಿ ಟೈಮಿಂಗ್ (ಡೀಸೆಲ್ ಸಿಲಿಂಡರಿಗೆ ಚಿಮ್ಮುವ ಕ್ಷಣ) ಹೊಂದಿಸುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ಡೀಸೆಲ್ ಇಂಜಿನ್‌ಗಳ ದುರಸ್ತಿಯಲ್ಲೇ ದುಡಿಯುವವನಾಗಿ ಉತ್ತರಿಸುತ್ತಿದ್ದೇನೆ. ನಟ್ಟು ಬೋಲ್ಟುಗಳ ಕೆಲಸ ಇದರಲ್ಲಿ ಕಷ್ಟದ ಭಾಗವಲ್ಲ. ಕೆಟ್ಟಿರುವುದು ಪಂಪೇ ಎಂದು ಖಚಿತಪಡಿಸಿಕೊಳ್ಳುವುದು ಮತ್ತು ಟೈಮಿಂಗನ್ನು ಅಳೆದು ಕೂಡಿಸುವುದು, ಇವೆರಡರಲ್ಲೇ ಕೆಲಸದ ಗೆಲುವು ಸೋಲು ನಿಂತಿದೆ.

ಮೊದಲು ನಿಮ್ಮ ಗಾಡಿಯಲ್ಲಿ ಯಾವ ಬಗೆಯ ಪಂಪ್ ಇದೆ ಎಂದು ನೋಡಿಕೊಳ್ಳಿ. 1970ರ ದಶಕದ ಮಧ್ಯಭಾಗದಿಂದ ಸಣ್ಣ ಡೀಸೆಲ್ ಇಂಜಿನ್‌ಗಳಲ್ಲಿ ಹೆಚ್ಚಾಗಿ ಬಂದದ್ದು ಬಾಷ್ ಕಂಪನಿಯ ವಿಇ ಮಾದರಿಯ ರೋಟರಿ ಪಂಪ್. ಇದೇ ವಿನ್ಯಾಸವನ್ನು ಜಪಾನಿನ ತಯಾರಕರೂ ಪರವಾನಗಿ ಪಡೆದು ಮಾಡಿದ್ದಾರೆ. ಒಂದೇ ಪ್ಲಂಜರ್, ಅಂದರೆ ಡೀಸೆಲ್ ಒತ್ತುವ ಉಕ್ಕಿನ ದಂಡ, ತಿರುಗುತ್ತಲೂ ಮುಂದೆ ಹಿಂದೆ ಸರಿಯುತ್ತಲೂ ಎಲ್ಲ ಸಿಲಿಂಡರ್‌ಗಳಿಗೆ ಸರದಿಯಂತೆ ಡೀಸೆಲ್ ಹಂಚುತ್ತದೆ, ಮತ್ತು ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಜಾರೆಣ್ಣೆ. ಪಂಪಿನ ಹಿಂಬದಿಯ ಹೆಡ್‌ನಿಂದ (ಪ್ಲಂಜರ್ ಇರುವ ಭಾಗದಿಂದ) ಪೈಪುಗಳು ವೃತ್ತಾಕಾರವಾಗಿ ಹೊರಟಿದ್ದರೆ ನಿಮ್ಮದು ಈ ಬಗೆಯದು. ಪೈಪುಗಳು ಮೇಲ್ಭಾಗದಲ್ಲಿ ಒಂದೇ ಸಾಲಿನಲ್ಲಿದ್ದರೆ ಅದು ಇನ್‌ಲೈನ್ ಪಂಪ್. ಅದರ ಟೈಮಿಂಗ್ ನೋಡುವ ವಿಧಾನ ಬೇರೆ. ಪೈಪುಗಳೆಲ್ಲ ಒಂದು ಉಕ್ಕಿನ ರೈಲಿಗೆ (ದಪ್ಪ ಕೊಳವೆಗೆ) ಸೇರಿ ಅಲ್ಲಿಂದ ಇಂಜೆಕ್ಟರ್‌ಗಳಿಗೆ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗಗಳಿಗೆ) ಹೋಗುತ್ತಿದ್ದರೆ ಅದು ಕಾಮನ್ ರೈಲ್, ಅದಕ್ಕೆ ನಾನು ಕೆಳಗೆ ಹೇಳುವ ಬಹುಪಾಲು ಮಾತು ಅನ್ವಯಿಸುವುದಿಲ್ಲ. ಕಾಮನ್ ರೈಲಿನಲ್ಲಿ ಒತ್ತಡ 1,600 ಬಾರ್ ದಾಟುವುದುಂಟು, ಇಂಜಿನ್ ಓಡುವಾಗ ಅಲ್ಲಿನ ಯಾವ ನಟ್ಟನ್ನೂ ಸಡಿಲಿಸಬಾರದು. ಪಂಪ್ ಒಳಗೇ ತುಂಡಾಗಿದ್ದರೆ ಲೋಹದ ಪುಡಿ ರೈಲಿನಿಂದ ಹಿಡಿದು ಇಂಜೆಕ್ಟರ್‌ಗಳವರೆಗೆ ಹರಡಿರುತ್ತದೆಯಾದ್ದರಿಂದ ಪಂಪನ್ನಷ್ಟೇ ಬದಲಿಸಿದರೆ ಏನೂ ಗಿಟ್ಟುವುದಿಲ್ಲ. ಗುಜರಿಯ ಪಂಪನ್ನು ನೇರವಾಗಿ ಕೂಡಿಸುವ ಯೋಚನೆಯಲ್ಲಿದ್ದೀರಿ ಎಂದರೆ ನಿಮ್ಮದು ವಿಇ ಬಗೆಯದೇ ಇರಬೇಕೆಂದು ಭಾವಿಸಿ ಮುಂದುವರಿಯುತ್ತೇನೆ.

ನೀವು ಹೇಳಿದ ಮೂರು ತೊಂದರೆಗಳಲ್ಲಿ ಪಂಪಿನ ಸವೆತವನ್ನು ನೇರವಾಗಿ ಬೊಟ್ಟುಮಾಡುವುದು ಮೂರನೆಯದು ಮಾತ್ರ. ಪ್ಲಂಜರ್ ಮತ್ತು ಅದು ಓಡಾಡುವ ಬ್ಯಾರಲ್ ನಡುವಿನ ಸಂದು ಕೆಲವೇ ಮೈಕ್ರಾನ್‌ಗಳಷ್ಟು. ಅದು ಸವೆದಾಗ, ಬಿಸಿಯಾಗಿ ತೆಳುವಾದ ಡೀಸೆಲ್ ಸೆಲ್ಫ್ ತಿರುಗಿಸುವ ನಿಧಾನ ವೇಗದಲ್ಲಿ ಸಂದಿನಿಂದಲೇ ಹಿಂದಕ್ಕೆ ಸೋರಿ, ಇಂಜೆಕ್ಟರಿನ ತುದಿಯ ನಾಜಲ್ ತೆರೆಯುವಷ್ಟು ಒತ್ತಡ ಏರುವುದೇ ಇಲ್ಲ. ಇದನ್ನು ಪರೀಕ್ಷಿಸಲು, ಬಿಸಿ ಇಂಜಿನ್ ಸ್ಟಾರ್ಟ್ ಆಗದಿದ್ದಾಗ, ಪಂಪಿನ ಹೆಡ್ ಮೇಲೆ ಒದ್ದೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ತಣಿಯಲು ಬಿಡಿ. ಆಮೇಲೆ ಸಲೀಸಾಗಿ ಸ್ಟಾರ್ಟ್ ಆದರೆ ಹೆಡ್ ಸವೆದಿರುವುದು ಬಹುತೇಕ ಖಚಿತ. ಇಂಜಿನ್ ಓಡುತ್ತಿರುವಾಗ ತಣ್ಣೀರು ಸುರಿಯುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ, ಹೊರಕವಚ ಒಮ್ಮೆಲೇ ಕುಗ್ಗಿ ಪ್ಲಂಜರ್ ಹಿಡಿದುಕೊಳ್ಳಬಹುದು.

ಬೆಳಗಿನ ತೊಂದರೆಗೆ ಮತ್ತು ಏರಿನಲ್ಲಿ ಎಳೆತ ಇಲ್ಲದಿರುವುದಕ್ಕೆ ಪಂಪಿನ ಹೊರಗೆ ಹಲವು ಕಾರಣಗಳಿರಬಹುದು: ಕೆಲಸ ಮಾಡದ ಗ್ಲೋ ಪ್ಲಗ್ (ತಣ್ಣಗಿನ ಸಿಲಿಂಡರನ್ನು ಬಿಸಿಮಾಡುವ ಪ್ಲಗ್), ಕಟ್ಟಿಕೊಂಡ ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿಗೆ ಹತ್ತಿದ ಗಷ್ಟು, ಒಳಪದರ ಕಿತ್ತು ಮಡಚಿಕೊಂಡ ರಬ್ಬರ್ ಹೋಸ್, ಅಥವಾ ರಾತ್ರಿಯಿಡೀ ಗಾಳಿ ಎಳೆದುಕೊಳ್ಳುವ ಒಂದು ಸಡಿಲ ಕ್ಲಿಪ್. ಪಂಪಿಗೆ ಬರುವ ಮತ್ತು ಅಲ್ಲಿಂದ ಮರಳುವ ಹೋಸುಗಳ ಜಾಗದಲ್ಲಿ ಒಂದೊಂದು ಅಡಿ ಪಾರದರ್ಶಕ ಹೋಸ್ ಹಾಕಿ ನೋಡಿ. ಬರುವ ಹೋಸಿನಲ್ಲಿ ಗುಳ್ಳೆಗಳು ಕಂಡರೆ ಗಾಳಿ ಪಂಪಿಗಿಂತ ಮುಂಚೆಯೇ ಸೇರುತ್ತಿದೆ. ಅದಕ್ಕಿಂತಲೂ ಸ್ಪಷ್ಟವಾದ ಪರೀಕ್ಷೆ ಇನ್ನೊಂದಿದೆ: ಪಂಪಿಗಿಂತ ಎತ್ತರದಲ್ಲಿ ಶುದ್ಧ ಡೀಸೆಲ್ ತುಂಬಿದ ಕ್ಯಾನ್ ಕಟ್ಟಿ, ಮಧ್ಯೆ ಹೊಸ ಫಿಲ್ಟರ್ ಇಟ್ಟು, ಟ್ಯಾಂಕನ್ನು ಪೂರ್ತಿ ಬಿಟ್ಟು ಅಲ್ಲಿಂದಲೇ ಪಂಪಿಗೆ ಡೀಸೆಲ್ ಕೊಡಿ, ಮರಳುವ ಹೋಸನ್ನೂ ಅದೇ ಕ್ಯಾನಿಗೆ ಬಿಡಿ. ಹೀಗೆ ಕಟ್ಟಿ ರಾತ್ರಿ ಬಿಟ್ಟು, ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆದರೆ ಆ ತೊಂದರೆಗೆ ಪಂಪ್ ಕಾರಣವಲ್ಲ.

ಇಲ್ಲಿ ಒಂದು ಸಣ್ಣ ವಸ್ತುವಿನ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಹಲವು ಕೈ ಬದಲಾದ ಗಾಡಿಗಳಲ್ಲಿ ಇದು ಎಷ್ಟೋ ಸಲ ಅದಲುಬದಲಾಗಿರುತ್ತದೆ. ವಿಇ ಪಂಪಿನಲ್ಲಿ ಡೀಸೆಲ್ ಒಳಬರುವ ಕಡೆಗೂ ಮರಳುವ ಕಡೆಗೂ ಒಂದೊಂದು ಬ್ಯಾಂಜೋ ಬೋಲ್ಟ್ (ಡೀಸೆಲ್ ಹರಿಯುವ ಟೊಳ್ಳು ಬೋಲ್ಟ್) ಇರುತ್ತದೆ. ಹೊರನೋಟಕ್ಕೆ ಎರಡೂ ಒಂದೇ. ಆದರೆ ಮರಳುವ ಕಡೆಯ ಬೋಲ್ಟಿನ ತಲೆಯ ಮೇಲೆ ಸಾಮಾನ್ಯವಾಗಿ ‘ಔಟ್’ ಎಂದು ಅಚ್ಚಾಗಿರುತ್ತದೆ, ಮತ್ತು ಅದರೊಳಗೆ ಸೂಜಿಯ ಮೊನೆಯಷ್ಟೇ ಹೋಗುವಂಥ ಒಂದು ರಂಧ್ರವಿರುತ್ತದೆ. ಆ ಕಿರಿದಾದ ರಂಧ್ರದ ತಡೆಯಿಂದಲೇ ಪಂಪಿನ ಒಳಗೆ ಕೆಲವು ಬಾರ್‌ಗಳ ಒತ್ತಡ ನಿಲ್ಲುತ್ತದೆ, ವೇಗ ಏರಿದಂತೆ ಇಂಜೆಕ್ಷನ್ನನ್ನು ಮುಂಚಿತಗೊಳಿಸುವ ಪಿಸ್ಟನ್ ಸರಿಯುವುದೂ ಆ ಒತ್ತಡದಿಂದಲೇ. ಎರಡು ಬೋಲ್ಟುಗಳು ಅದಲುಬದಲಾದರೆ ಒಳಬರುವ ಡೀಸೆಲ್ ಕಟ್ಟಿಕೊಳ್ಳುತ್ತದೆ, ಒಳ ಒತ್ತಡ ಕುಸಿಯುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಹೊಸ ಪಂಪ್ ಹಾಕಿದರೂ ಅದೇ ಬೋಲ್ಟುಗಳನ್ನು ಅದೇ ಜಾಗಕ್ಕೆ ಹಾಕುವುದರಿಂದ ಕಾಯಿಲೆ ಹಾಗೇ ಉಳಿಯುತ್ತದೆ. ಇಂದೇ ಹೋಗಿ ಆ ಎರಡು ಬೋಲ್ಟುಗಳನ್ನು ಬಿಚ್ಚಿ ನೋಡಿ. ಹಾಗೆಯೇ ಕೀ ತಿರುಗಿಸಿದಾಗ ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡ್ (ಕೀ ತೆಗೆದಾಗ ಡೀಸೆಲ್ ಕಟ್ಟುವ ವಿದ್ಯುತ್ ವಾಲ್ವ್) ‘ಟಕ್’ ಎನ್ನುತ್ತದೆಯೇ ಎಂದೂ ಕೇಳಿಸಿಕೊಳ್ಳಿ.

ಇಷ್ಟೆಲ್ಲ ನೋಡಿದ ಮೇಲೂ ಪಂಪೇ ಕಾರಣ ಎಂದಾದರೆ, ಗುಜರಿಯಿಂದ ತಂದದ್ದನ್ನು ನೇರವಾಗಿ ಹಾಕುವುದಕ್ಕಿಂತ ನಿಮ್ಮ ಸ್ವಂತ ಪಂಪನ್ನೇ ಟೆಸ್ಟ್ ಬೆಂಚ್ (ಪಂಪನ್ನು ತಿರುಗಿಸಿ ಅಳೆಯುವ ಯಂತ್ರ) ಇರುವ ಕಡೆ ಕೊಟ್ಟು ಹೆಡ್ ಮತ್ತು ಸೀಲುಗಳನ್ನು ಬದಲಿಸಿ ಕ್ಯಾಲಿಬ್ರೇಷನ್ ಮಾಡಿಸುವುದು ಒಳ್ಳೆಯದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಪಂಪ್ ಹೊರಗಿನಿಂದ ಒಂದೇ ರೀತಿ ಕಂಡರೂ ಒಳಗಿನ ಹೊಂದಾಣಿಕೆ ಇಂಜಿನ್ನಿಗೆ ತಕ್ಕಂತೆ ಬೇರೆಯಾಗಿರುತ್ತದೆ. ಪಂಪಿನ ಮೈಮೇಲಿರುವ ಪಟ್ಟಿಯನ್ನು ಒರೆಸಿ ಓದಿ: ವಿಇ ಎಂಬ ಅಕ್ಷರಗಳ ನಂತರ ಬರುವ ಮೊದಲ ಅಂಕಿ ಸಿಲಿಂಡರ್‌ಗಳ ಸಂಖ್ಯೆ, ಅದರ ಮುಂದಿನದು ಮಿಲಿಮೀಟರ್‌ನಲ್ಲಿ ಪ್ಲಂಜರ್‌ನ ವ್ಯಾಸ, ನಂತರ ಇಂಜಿನ್ ವೇಗವನ್ನು ಹಿಡಿತದಲ್ಲಿಡುವ ಗವರ್ನರ್‌ನ ಬಗೆಯನ್ನು ಸೂಚಿಸುವ ಅಕ್ಷರ, ಆಮೇಲೆ ಪಂಪಿನ ವೇಗ, ಕೊನೆಗೆ ಬಲಕ್ಕೆ ತಿರುಗುವುದಾದರೆ ಆರ್, ಎಡಕ್ಕಾದರೆ ಎಲ್. ಇವುಗಳಲ್ಲಿ ಒಂದು ಬೇರೆಯಾದರೂ ಆ ಪಂಪ್ ನಿಮ್ಮದಲ್ಲ. ಟರ್ಬೊ ಇಂಜಿನ್ನಿನ ಪಂಪಿನ ಮೇಲೆ ಬೂಸ್ಟ್ ಒತ್ತಡಕ್ಕೆ ಸ್ಪಂದಿಸುವ ಡಯಾಫ್ರಮ್ ಇರುವುದು ವಾಡಿಕೆ, ಟರ್ಬೊ ಇಲ್ಲದ್ದರಲ್ಲಿ ಅದು ಇರುವುದಿಲ್ಲ. ಬಹುಕಾಲ ಒಣಗಿ ಬಿದ್ದಿದ್ದ ಪಂಪಿನಲ್ಲಿ ಸೀಲುಗಳು ಗಡುಸಾಗಿರುತ್ತವೆ, ನೀರು ಸೇರಿದ್ದರೆ ಪ್ಲಂಜರ್ ಮೇಲೆ ತುಕ್ಕು ಹಿಡಿದಿರುತ್ತದೆ. ಇನ್ನೊಂದು ಸಂಗತಿ: ಗಂಧಕ ತೆಗೆದ ಇಂದಿನ ಡೀಸೆಲ್‌ಗೆ ಸಹಜವಾದ ಜಾರುವ ಗುಣ ಕಡಿಮೆ. ಆದ್ದರಿಂದಲೇ ಅದಕ್ಕೆ ಸಂಯೋಜಕ ಬೆರೆಸುತ್ತಾರೆ, ಯುರೋಪಿನ ಇಎನ್ 590 ಮಾನದಂಡ, ಜಾರುವ ಗುಣದ ಪರೀಕ್ಷೆಯಲ್ಲಿ ಲೋಹದ ಮೇಲೆ ಬೀಳುವ ಸವೆತದ ಗುರುತು 460 ಮೈಕ್ರಾನ್ ಮೀರಬಾರದೆಂದು ಮಿತಿ ಹಾಕಿದೆ. ಹಳೆಯ ಡೀಸೆಲ್‌ನಲ್ಲಿ ಉಬ್ಬಿ ಕುಳಿತಿದ್ದ ರಬ್ಬರ್ ಸೀಲುಗಳು ಇಂದಿನ ಡೀಸೆಲ್ಲಿಗೆ ಬಂದಾಗ ಕುಗ್ಗಿ ಸೋರುವುದುಂಟು. ಥ್ರಾಟಲ್ ಶಾಫ್ಟಿನ ಬುಡದಲ್ಲಿ ಒದ್ದೆಯಾಗಿದ್ದರೆ, ರಾತ್ರಿ ಗಾಳಿ ಎಳೆಯುತ್ತಿರುವುದು ಅಲ್ಲಿಂದಲೇ ಇರಬಹುದು, ಅದಕ್ಕೆ ಸೀಲ್ ಕಿಟ್ ಸಾಕು.

ಇನ್ನು ಕಳಚುವ ಕೆಲಸ. ಇಂಜಿನ್ನಿನ ಆ ಬದಿಯನ್ನು ಮೊದಲು ತೊಳೆದು ಒಣಗಿಸಿ, ಬ್ಯಾಟರಿಯ ಋಣ ತಂತಿ ತೆಗೆಯಿರಿ. ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲೇ ತಿರುಗಿಸಿ ಒಂದನೇ ಸಿಲಿಂಡರನ್ನು ಕಂಪ್ರೆಷನ್ನಿನ ಟಿಡಿಸಿಗೆ (ಪಿಸ್ಟನ್ ತೀರ ಮೇಲೆ ಬಂದು ನಿಲ್ಲುವ ಜಾಗಕ್ಕೆ) ತನ್ನಿ. ಪುಲ್ಲಿಯ ಗುರುತು ಕೂಡಿದರಷ್ಟೇ ಸಾಲದು, ಏಕೆಂದರೆ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಪಂಪ್ ಸುತ್ತುವುದು ಒಂದೇ ಸುತ್ತು. ಎಕ್ಸಾಸ್ಟಿನ ಕೊನೆಯಲ್ಲೂ ಅದೇ ಗುರುತು ಕೂಡುತ್ತದೆ. ಒಂದನೇ ಸಿಲಿಂಡರಿನ ಎರಡೂ ವಾಲ್ವ್‌ಗಳು ಮುಚ್ಚಿ ರಾಕರ್‌ಗಳು ಸಡಿಲವಾಗಿವೆಯೇ ನೋಡಿ. ಪಂಪಿನ ಫ್ಲಾಂಜ್ (ಇಂಜಿನ್ನಿಗೆ ಕೂಡುವ ಅಂಚು) ಮತ್ತು ಇಂಜಿನ್ನಿನ ಮೇಲೆ ಒಂದೇ ಗೆರೆ ಗೀರಿ, ಗೇರ್ ಇದ್ದರೆ ಹಲ್ಲುಗಳಿಗೆ, ಬೆಲ್ಟ್ ಇದ್ದರೆ ಅದಕ್ಕೂ ಬಣ್ಣದ ಗುರುತು ಹಾಕಿ. ಪೈಪುಗಳನ್ನು ಬಿಚ್ಚುವಾಗ ಪಂಪಿನಲ್ಲಿ ಪೈಪು ಕೂಡುವ ಡೆಲಿವರಿ ವಾಲ್ವ್ ಹೋಲ್ಡರನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಬೇಕು, ಬಿಚ್ಚಿದ ಕೂಡಲೇ ಪ್ರತಿಯೊಂದು ಬಾಯಿಗೂ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು. ಬಟ್ಟೆ ತುರುಕಬೇಡಿ, ಅದರ ಒಂದು ಎಳೆ ನಾಜಲನ್ನು ಕೆಡಿಸಲು ಸಾಕು.

ಶಾಫ್ಟಿನ ತುದಿ ಓರೆಯಾಗಿ ಕಿರಿದಾಗಿರುವುದರಿಂದ ನಟ್ಟು ಬಿಚ್ಚಿದ ಮೇಲೂ ಗೇರ್ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಸುತ್ತಿಗೆಯಿಂದ ಹೊಡೆದರೆ ಒಳಗಿನ ಕ್ಯಾಮ್ ಪ್ಲೇಟಿಗೂ ಹೆಡ್ಡಿಗೂ ಪೆಟ್ಟು ಬೀಳುತ್ತದೆ, ಪುಲ್ಲರ್‌ನಿಂದಲೇ ಎಳೆಯಬೇಕು. ನಟ್ಟು ತೆಗೆಯುವ ಮುನ್ನ ಗೇರಿನ ಕೆಳಗಿನ ಕುಳಿಗೆ ಶುಭ್ರವಾದ ಬಟ್ಟೆ ಒತ್ತಿಡಿ, ಇಲ್ಲದಿದ್ದರೆ ನಟ್ಟಾಗಲಿ ಅರ್ಧಚಂದ್ರಾಕಾರದ ವುಡ್ರಫ್ ಕೀ ಆಗಲಿ ಟೈಮಿಂಗ್ ಕೇಸಿನೊಳಗೆ ಬಿದ್ದರೆ ಕವರ್ ಪೂರ್ತಿ ಬಿಚ್ಚಬೇಕಾಗುತ್ತದೆ. ದುರಸ್ತಿಯಾಗಿ ಬಂದ ಪಂಪಿನ ಶಾಫ್ಟನ್ನು ಲಾಕ್ ಮಾಡಿ ಕಳುಹಿಸುವ ಪದ್ಧತಿಯೂ ಇದೆ. ಹಾಗಿದ್ದರೆ ಇಂಜಿನ್ ತಿರುಗಿಸುವ ಮುನ್ನ ಲಾಕ್ ಬೋಲ್ಟ್ ಸಡಿಲಿಸಿ ಅದರೊಡನೆ ಬಂದ ವಾಷರನ್ನು ಅದರ ಕೆಳಗೆ ಸೇರಿಸಬೇಕು.

ಗೀರಿದ ಗೆರೆಗೆ ಗೆರೆ ಕೂಡಿಸಿದರೆ ಇಂಜಿನ್ ಸ್ಟಾರ್ಟ್ ಆಗುತ್ತದೆ, ಅಷ್ಟೇ. ಬೇರೆ ಪಂಪ್ ಅಥವಾ ದುರಸ್ತಿಯಾದ ಪಂಪ್ ಆದರೆ ಡಯಲ್ ಗೇಜ್ (ಸೂಕ್ಷ್ಮ ಚಲನೆ ಅಳೆಯುವ ಮುಳ್ಳಿನ ಮಾಪಕ) ಇಲ್ಲದೆ ಟೈಮಿಂಗ್ ಸರಿಯಾಯಿತೆಂದು ಹೇಳಲಾಗದು. ಪಂಪಿನ ಹೆಡ್ಡಿನ ನಡುವಿನ ಪ್ಲಗ್ ಬಿಚ್ಚಿ, ಅಲ್ಲಿ ಅಡಾಪ್ಟರ್ ಮೂಲಕ ಗೇಜನ್ನು ಒಂದೆರಡು ಮಿಲಿಮೀಟರ್ ಒತ್ತಿ ಕೂರಿಸಬೇಕು. ಕೋಲ್ಡ್ ಸ್ಟಾರ್ಟ್ ಲಿವರ್ ಇದ್ದರೆ ಅದು ಟೈಮಿಂಗನ್ನು ಮುಂದಕ್ಕೆ ತಳ್ಳಿರುತ್ತದೆ, ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆ ಅದನ್ನು ಬಿಡುಗಡೆ ಮಾಡಿಟ್ಟುಕೊಳ್ಳಿ. ಕ್ರ್ಯಾಂಕನ್ನು ಟಿಡಿಸಿಯಿಂದ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಹೋದಂತೆ ಮುಳ್ಳು ಇಳಿಯುತ್ತ ಬಂದು ಒಂದು ಹಂತದಲ್ಲಿ ನಿಲ್ಲುತ್ತದೆ. ಪ್ಲಂಜರ್ ತಳ ಮುಟ್ಟಿರುವುದು ಅಲ್ಲಿ. ಮುಳ್ಳನ್ನು ಸೊನ್ನೆಗೆ ತಂದು, ಮ್ಯಾನ್ಯುಯಲ್ ಹೇಳುವ ಗುರುತಿನವರೆಗೆ ಕ್ರ್ಯಾಂಕನ್ನು ಮುಂದಕ್ಕೆ ತಿರುಗಿಸಿ ಎಷ್ಟು ಏರಿತು ಎಂದು ಓದಿ. ಗುರುತು ದಾಟಿ ಹೋದರೆ ಅಲ್ಲಿಂದ ಹಿಂದಕ್ಕೆ ತಂದು ನಿಲ್ಲಿಸಬಾರದು, ಬಹಳ ಹಿಂದಕ್ಕೆ ಹೋಗಿ ಮತ್ತೆ ಓಡುವ ದಿಕ್ಕಿನಲ್ಲೇ ಬರಬೇಕು, ಇಲ್ಲದಿದ್ದರೆ ಗೇರುಗಳ ನಡುವಿನ ಸಡಿಲ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಏರಿದ ಅಳತೆ ಕಡಿಮೆ ಬಂದರೆ ಇಂಜೆಕ್ಷನ್ ತಡವಾಗುತ್ತಿದೆ ಎಂದರ್ಥ, ಪಂಪಿನ ಮೈಯನ್ನು ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಕೂದಲೆಳೆಯಷ್ಟು ಸರಿಸಿ, ಫ್ಲಾಂಜ್ ನಟ್ಟು ಬಿಗಿಮಾಡಿ ಇಡೀ ಅಳತೆಯನ್ನು ಮೊದಲಿನಿಂದ ಮತ್ತೆ ತೆಗೆಯಿರಿ. ಎರಡು ಸಲ ಒಂದೇ ಅಂಕಿ ಬರುವವರೆಗೆ ಬಿಡಬೇಡಿ. ಟೈಮಿಂಗ್ ಹೆಚ್ಚು ಮುಂದಾದರೆ ಇಂಜಿನ್ ಲೋಹ ಕುಟ್ಟಿದಂತೆ ಸದ್ದು ಮಾಡುತ್ತದೆ, ತಡವಾದರೆ ಬಿಳಿ ಹೊಗೆ ಬಿಟ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೀಸೆಲ್ ಪ್ರಮಾಣದ ಸ್ಕ್ರೂವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ, ಅದು ಬೆಂಚಿನ ಮೇಲೆ ಮಾಡುವ ಕೆಲಸ.

ಸ್ಟಾರ್ಟ್ ಮಾಡುವ ಮುನ್ನ ಪಂಪನ್ನು ಒಣಗಿದ್ದಂತೆ ತಿರುಗಿಸಬಾರದು. ಸೋಸಿದ ಡೀಸೆಲನ್ನು ಒಳಬರುವ ಬಾಯಿಯಿಂದ ತುಂಬಿ, ಬ್ಯಾಂಜೋಗಳಿಗೆಲ್ಲ ಹೊಸ ತಾಮ್ರದ ವಾಷರ್ ಹಾಕಿ, ಮರಳುವ ಕಡೆ ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪ್ರೈಮರ್ ಒತ್ತಿ. ಆಮೇಲೆ ಇಂಜೆಕ್ಟರ್ ಕಡೆಯ ಪೈಪ್ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಸೆಲ್ಫ್ ತಣಿಯಲು ಬಿಟ್ಟು ತಿರುಗಿಸಿ. ಡೀಸೆಲ್ ಚಿಮ್ಮಿದ ನಟ್ಟನ್ನು ಬಿಗಿಮಾಡುತ್ತ ಹೋಗಿ. ಈ ಹಂತದಲ್ಲಿ ಬೆರಳನ್ನು ಅಡ್ಡ ಇಟ್ಟು ನೋಡಬೇಡಿ. ಹಳೆಯ ಇಂಜಿನ್‌ಗಳಲ್ಲೂ ನಾಜಲ್ ತೆರೆಯುವುದು ನೂರಾರು ಬಾರ್ ಒತ್ತಡದಲ್ಲಿ, ಅಷ್ಟು ಒತ್ತಡದಲ್ಲಿ ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಅದು ಕೂಡಲೇ ಆಸ್ಪತ್ರೆಗೆ ಓಡಬೇಕಾದ ತುರ್ತು, ತಡವಾದರೆ ಬೆರಳನ್ನೇ ಕಳೆದುಕೊಳ್ಳಬಹುದು. ಗ್ಲೋ ಪ್ಲಗ್ ಇರುವ ಇಂಜಿನ್ನಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದೂ ಅಷ್ಟೇ ಅಪಾಯ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಫಿಲ್ಟರಿನ ಹೋಸ್ ತೆಗೆದು, ಗಾಳಿಯ ಬಾಯಿಯನ್ನು ಮುಚ್ಚುವಷ್ಟು ಅಗಲದ ಗಟ್ಟಿ ಹಲಗೆಯೊಂದನ್ನು ಕೈಯಲ್ಲಿಟ್ಟುಕೊಂಡು ಒಬ್ಬರು ನಿಂತಿರಲಿ. ಗವರ್ನರ್ ತಪ್ಪಾಗಿ ಕೂಡಿದ್ದರೆ ಇಂಜಿನ್ ಕೀ ತೆಗೆದರೂ ನಿಲ್ಲದೆ ವೇಗ ಏರಿಸಿಕೊಳ್ಳುತ್ತದೆ, ಆಗ ಗಾಳಿ ಕಟ್ಟಿದರೆ ಮಾತ್ರ ನಿಲ್ಲುತ್ತದೆ.

ಪಂಪ್ ಹೊರಗಿರುವಾಗಲೇ ಇಂಜೆಕ್ಟರ್‌ಗಳನ್ನೂ ಬಿಚ್ಚಿ ಒತ್ತಡ ಮತ್ತು ಸಿಂಪರಣೆ ಪರೀಕ್ಷಿಸಿಕೊಳ್ಳಿ, ಟ್ಯಾಂಕನ್ನೂ ಇಳಿಸಿ ತೊಳೆಯಿರಿ. ಹಿಂದಿನ ಪಂಪನ್ನು ಸವೆಸಿದ ಮಣ್ಣು ಮತ್ತು ನೀರು ಟ್ಯಾಂಕಿನ ತಳದಲ್ಲೇ ಉಳಿದಿದ್ದರೆ ಹೊಸದಕ್ಕೂ ಅದೇ ಗತಿ. ಗಾಡಿ ಓಡತೊಡಗಿದ ಮೇಲೆ ಮೊದಲ ಕೆಲವು ದಿನ ಫ್ಲಾಂಜ್ ನಟ್ಟುಗಳನ್ನೂ ಪೈಪಿನ ತುದಿಗಳನ್ನೂ ಕಾಗದ ಒತ್ತಿ ಒದ್ದೆಯಾಗುತ್ತದೆಯೇ ನೋಡುತ್ತಿರಿ, ಮತ್ತು ಈಗ ಹಾಕಿದ ಫಿಲ್ಟರನ್ನು ಮಾಮೂಲಿ ಅವಧಿಗೆ ಕಾಯದೆ ಬೇಗನೆ ಇನ್ನೊಮ್ಮೆ ಬದಲಿಸಿ. ಬೋಲ್ಟುಗಳಲ್ಲಿ ಏನು ಕಂಡಿತು, ಕ್ಯಾನ್ ಕಟ್ಟಿದಾಗ ಬೆಳಿಗ್ಗೆ ಹೇಗೆ ಸ್ಟಾರ್ಟ್ ಆಯಿತು, ಪಂಪಿನ ಪಟ್ಟಿಯ ಮೇಲೆ ಏನಿದೆ ಎಂಬ ಮೂರನ್ನು ಬರೆದರೆ ಮುಂದಿನದನ್ನು ನಿಮ್ಮ ಇಂಜಿನ್ನಿಗೆ ತಕ್ಕಂತೆ ಹೇಳುತ್ತೇನೆ.