ಅಮೆರಿಕದ ಹೆವಿ ಮೆಟಲ್ ಬ್ಯಾಂಡು ಮೆಟಾಲಿಕಾದ 2008ರ ಆಲ್ಬಂ ‘ಡೆತ್ ಮ್ಯಾಗ್ನೆಟಿಕ್’ ಕೇಳಿದರೆ ನನಗೆ ತಲೆನೋವು ಬರುತ್ತೆ. ಇದನ್ನ ಎಲ್ಲರೂ ಕಮ್‌ಬ್ಯಾಕ್ ಆಲ್ಬಂ ಅಂತ ಹೊಗಳೋದು ಯಾಕೆ?

ನಿಮ್ಮ ತಲೆನೋವೂ ಸುಳ್ಳಲ್ಲ, ಹೊಗಳುವವರೂ ಸುಳ್ಳು ಹೇಳುತ್ತಿಲ್ಲ. ‘ಸೌಂಡ್’ ಅನ್ನೋ ಒಂದೇ ಪದಕ್ಕೆ ನಾವು ಎರಡು ಬೇರೆ ಬೇರೆ ಸಂಗತಿ ತುರುಕುತ್ತೇವೆ, ಗೊಂದಲ ಇರೋದು ಅಲ್ಲೇ. ಬ್ಯಾಂಡು ಏನು ನುಡಿಸಿತು ಅನ್ನೋದು ಒಂದು. ನುಡಿಸಿದ್ದು ಸಿಡಿಗೆ ಹೇಗೆ ಇಳಿಯಿತು ಅನ್ನೋದು ಇನ್ನೊಂದು. ಈ ಆಲ್ಬಂನಲ್ಲಿ ಮೊದಲನೇದು ಗೆದ್ದಿತು, ಎರಡನೇದು ಕೆಟ್ಟಿತು.

ಮೊದಲೇ ಹೇಳಿಬಿಡ್ತೀನಿ, ನಾನು ವಿಮರ್ಶಕ ಅಲ್ಲ. ಶಿರಸಿ ಕಡೆಯವನು, ಮೈಕ್‌ಸೆಟ್ ಹಾಕೋದು ಕಸುಬು. ಯಕ್ಷಗಾನ, ಆರ್ಕೆಸ್ಟ್ರಾ, ಮದುವೆ, ಯಾರು ಕರೆದರೆ ಅಲ್ಲಿಗೆ. ಹಗಲು ಮಲಗಿ ರಾತ್ರಿ ಮಿಕ್ಸರ್ ಮುಂದೆ ಕೂರೋ ಜನ ನಾವು. ಮೆಟಾಲಿಕಾ ಹುಚ್ಚು ಕಾಲೇಜಿನಲ್ಲಿ ಹತ್ತಿದ್ದು, ಇನ್ನೂ ಬಿಟ್ಟಿಲ್ಲ.

ಕಮ್‌ಬ್ಯಾಕ್ ಅನ್ನೋ ಮಾತು ಮೊದಲು ನೋಡೋಣ. ಮೆಟಾಲಿಕಾ ಬ್ಯಾಂಡು ಯಾವತ್ತೂ ಒಡೆದು ಹೋಗಿರಲಿಲ್ಲ. ಹೋಗಿದ್ದು ಜನರಿಗೆ ಅವರ ಮೇಲಿದ್ದ ನಂಬಿಕೆ. 2001ರ ಜನವರಿಯಲ್ಲಿ ಬೇಸ್ ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ ಬಿಟ್ಟು ಹೋದ. ಅದೇ ವರ್ಷ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡಿಸಿಕೊಳ್ಳೋಕೆ ಚಿಕಿತ್ಸೆಗೆ ಸೇರಿದ. ವಾಪಸ್ ಬಂದ ಮೇಲೂ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಾತ್ರ ಕೆಲಸ, ನಾಲ್ಕಾದ ಮೇಲೆ ನಾನಿಲ್ಲದೆ ನೀವು ಟೇಪು ಕೂಡ ಕೇಳಬಾರದು ಅಂತ ಶರತ್ತು. ಡ್ರಮ್ಸ್‌ನ ಲಾರ್ಸ್ ಉಲ್ರಿಚ್‌ಗೆ ಉರಿದುಹೋಯಿತು. ಮನೆ ಜಗಳ ಬಿಡಿಸೋ ಹಾಗೆ ಒಬ್ಬ ಸಲಹೆಗಾರನನ್ನ ತಿಂಗಳಿಗೆ 40 ಸಾವಿರ ಡಾಲರ್ ಕೊಟ್ಟು ಇಟ್ಟುಕೊಂಡಿದ್ದರು. ಇದೆಲ್ಲ ನಾನು ಕಟ್ಟಿದ ಕಥೆ ಅಲ್ಲ, 2004ರಲ್ಲಿ ಬಂದ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಸಾಕ್ಷ್ಯಚಿತ್ರದಲ್ಲಿ ಕ್ಯಾಮೆರಾ ಮುಂದೆಯೇ ನಡೆದದ್ದು.

ಆ ಜಗಳದ ಮಧ್ಯೆ ಹುಟ್ಟಿದ್ದು 2003ರ ‘ಸೇಂಟ್ ಆಂಗರ್’. ಅದನ್ನ ನೀವು ಕೇಳಿಲ್ಲ ಅಂದರೆ ಒಂದೇ ಒಂದು ಹಾಡು ಎರಡು ನಿಮಿಷ ಕೇಳಿ ಬನ್ನಿ, ಉಳಿದದ್ದು ತಾನಾಗೇ ಅರ್ಥ ಆಗುತ್ತೆ. ಸ್ನೇರ್ ಡ್ರಮ್ಮಿನ ಅಡಿಯಲ್ಲಿ ಚರ್ಮಕ್ಕೆ ತಾಗಿಕೊಂಡು ಸಣ್ಣ ತಂತಿಗಳ ಸಾಲು ಇರುತ್ತೆ. ಏಟು ಬಿದ್ದಾಗ ‘ಛಟ್’ ಅಂತ ಕೇಳಿಸೋದು ಅದರಿಂದ. ಲಾರ್ಸ್ ಆ ತಂತಿ ಸಡಿಲ ಬಿಟ್ಟು ನುಡಿಸಿದ. ಖಾಲಿ ಎಣ್ಣೆ ಡಬ್ಬ ಬಡಿದ ಹಾಗೆ ‘ಟಣ್ ಟಣ್ ಟಣ್’, ಎಪ್ಪತ್ತೈದು ನಿಮಿಷ. ಗಿಟಾರಿನ ದಪ್ಪ ತಂತಿಯ ಶ್ರುತಿಯನ್ನ ‘ಇ’ ಸ್ವರದಿಂದ ‘ಸಿ’ವರೆಗೆ ಇಳಿಸಿದರು. ಕರ್ಕ್ ಹ್ಯಾಮೆಟ್‌ನಂಥ ಗಿಟಾರಿಸ್ಟನನ್ನ ಎದುರಿಗೆ ಕೂರಿಸಿಕೊಂಡು ಇಡೀ ಆಲ್ಬಂನಲ್ಲಿ ಒಂದೂ ಸೋಲೋ (ಗಿಟಾರ್ ಒಂದೇ ಮುಂದೆ ಬಂದು ನುಡಿಸೋ ಭಾಗ) ಇಲ್ಲ. ಪಾಪ, ಅವನು ಸೋಲೋ ಬೇಕು ಅಂತ ವಾದಿಸೋದೂ ಆ ಚಿತ್ರದಲ್ಲಿದೆ. ಒಳ್ಳೇ ಭಾಗವತರನ್ನ ಕರೆಸಿ, ನೀವು ತಾಳ ಹಾಕಿ ಸಾಕು ಅಂದ ಹಾಗಾಯ್ತು.

(ಸೇಂಟ್ ಆಂಗರ್ ಇಷ್ಟಪಡುವವರು ಇದ್ದಾರೆ. ಅದರ ಸಿಟ್ಟು ನಿಜವಾದದ್ದು ಅಂತಾರೆ. ಸಿಟ್ಟೇನೋ ನಿಜವೇ, ನನಗೆ ಮಾತ್ರ ಆ ಡಬ್ಬ ತಡೆಯೋಕಾಗಲ್ಲ.)

ಈ ಹಿನ್ನೆಲೆ ಇಟ್ಟುಕೊಂಡು 2008ಕ್ಕೆ ಬನ್ನಿ. 1991ರ ಕಪ್ಪು ಮುಖಪುಟದ ಆಲ್ಬಂನಿಂದ ಜೊತೆಗಿದ್ದ ನಿರ್ಮಾಪಕ ಬಾಬ್ ರಾಕ್‌ನನ್ನ ಬಿಟ್ಟು ರಿಕ್ ರೂಬಿನ್ ಹತ್ತಿರ ಹೋದರು. ಸ್ಲೇಯರ್ ಬ್ಯಾಂಡಿನ 1986ರ ‘ರೇನ್ ಇನ್ ಬ್ಲಡ್’ ಮಾಡಿಸಿದವನು ಇವನೇ, ವಯಸ್ಸಾದ ಜಾನಿ ಕ್ಯಾಶ್‌ನನ್ನ ಒಂದು ಗಿಟಾರ್ ಕೊಟ್ಟು ಕೂರಿಸಿ ಮತ್ತೆ ಎತ್ತಿ ನಿಲ್ಲಿಸಿದವನೂ ಇವನೇ. ನಿಮ್ಮ ಎಂಬತ್ತರ ದಶಕದ ಕೆಲಸಕ್ಕೆ ನಾಚಬೇಡಿ, ಅದನ್ನ ನೆನಪಿಸಿಕೊಳ್ಳಿ ಅನ್ನೋದು ಅವನ ಬುದ್ಧಿಮಾತು. ಸ್ಟುಡಿಯೋಗೆ ಹೋಗಿ ಹುಡುಕಾಡೋದು ಬೇಡ, ಮೊದಲು ಹಾಡು ಪೂರ್ತಿ ಕಟ್ಟಿ, ಕೈಗೆ ಕೂತ ಮೇಲೆ ರೆಕಾರ್ಡಿಂಗ್.

ಫಲ ಏನು ಅಂತ ಕಿವಿಯಲ್ಲೇ ಗೊತ್ತಾಗುತ್ತೆ. ಸೋಲೋ ವಾಪಸ್ ಬಂತು. ತಂತಿ ಬಹುತೇಕ ಹಾಡುಗಳಲ್ಲಿ ಮತ್ತೆ ‘ಇ’ ಶ್ರುತಿಗೆ ಏರಿತು. ಸ್ನೇರ್ ಸ್ನೇರ್ ಆಯಿತು. ಬೇಸ್‌ಗೆ 2003ರಲ್ಲೇ ಸೇರಿದ್ದ ರಾಬರ್ಟ್ ಟ್ರುಹಿಯೊಗೆ ಇದು ಈ ಬ್ಯಾಂಡಿನ ಮೊದಲ ಸ್ಟುಡಿಯೋ ಆಲ್ಬಂ (ಸೇಂಟ್ ಆಂಗರ್‌ನಲ್ಲಿ ಬೇಸ್ ನುಡಿಸಿದ್ದು ಬಾಬ್ ರಾಕ್). ಹತ್ತು ಹಾಡು. ಎಲ್ಲಕ್ಕಿಂತ ಚಿಕ್ಕದೇ ಐದು ನಿಮಿಷ, ಹಾಡುಗಾರಿಕೆ ಇಲ್ಲದ ಒಂದು ವಾದ್ಯದ ತುಣುಕು ಹತ್ತು ನಿಮಿಷದ ಹತ್ತಿರ. ಒಂದು ಹಾಡಿನೊಳಗೆ ನಾಲ್ಕೈದು ಸಲ ನಡೆ ಬದಲಾಗೋ ಹಳೇ ಕಟ್ಟಡ ಮತ್ತೆ ಎದ್ದು ನಿಂತಿತು. ‘ದ ಡೇ ದಟ್ ನೆವರ್ ಕಮ್ಸ್’ ತಗೊಳ್ಳಿ. ಶುರುವಿಗೆ ಮೆಲ್ಲಗೆ ಬಿಡಿಬಿಡಿ ಗಿಟಾರ್, ಅದರ ಮೇಲೆ ಕೂಗಾಡದ ದನಿ, ಅರ್ಧ ದಾಟಿದ ಮೇಲೆ ಓಟ ಹಿಡಿದರೆ ಕೊನೆವರೆಗೂ ನಿಲ್ಲಲ್ಲ. ಯಕ್ಷಗಾನ ನೋಡುವವರಿಗೆ ಈ ಏರಿಕೆ ಹೊಸದಲ್ಲ. ಅಮೆರಿಕದಲ್ಲಿ ಮೂರೇ ದಿನದ ಮಾರಾಟಕ್ಕೆ ಪಟ್ಟಿಯಲ್ಲಿ ಮೊದಲ ಸ್ಥಾನ, ಕೊನೆಯ ಹಾಡು ‘ಮೈ ಅಪೊಕ್ಯಾಲಿಪ್ಸ್’ಗೆ ಗ್ರ್ಯಾಮಿ. ಕಮ್‌ಬ್ಯಾಕ್ ಅನ್ನೋದು ಈ ಲೆಕ್ಕದಲ್ಲಿ.

ಈಗ ನಿಮ್ಮ ತಲೆನೋವು.

ಡಿಜಿಟಲ್ ಆಡಿಯೋಗೆ ಒಂದು ಮಾಡು (ಚಾವಣಿ) ಇದೆ, ಸೊನ್ನೆ ಡೆಸಿಬೆಲ್. ಅದರ ಮೇಲೆ ಜಾಗವೇ ಇಲ್ಲ. ಡ್ರಮ್ಮಿಗೆ ಒಂದು ಏಟು ಬಿದ್ದಾಗ ಅದರ ತುದಿ ಕೆಲವೇ ಮಿಲಿಸೆಕೆಂಡು ಮೇಲಕ್ಕೆ ಚಿಮ್ಮುತ್ತೆ, ಗಿಟಾರು ಹಾಡು ಎಲ್ಲ ಅದರ ಕೆಳಗೆ ಹರಿಯುತ್ತೆ. ಜೋರು ಎಷ್ಟು ಅಂತ ನಮ್ಮ ಕಿವಿ ಅಳೆಯೋದು ಆ ತುದಿಯಿಂದ ಅಲ್ಲ, ಕೆಳಗಿನ ಸರಾಸರಿ ಮಟ್ಟದಿಂದ. ಹಾಗಾಗಿ ಸಿಡಿ ಜೋರಾಗಿ ಕೇಳಬೇಕು ಅಂದರೆ ದಾರಿ ಒಂದೇ: ಚಿಮ್ಮುವ ತಲೆಗಳನ್ನ ಲಿಮಿಟರ್ ಹಾಕಿ ಒತ್ತು, ಉಳಿದದ್ದನ್ನೆಲ್ಲ ಮಾಡಿನವರೆಗೆ ಏರಿಸು. ಸ್ವಲ್ಪ ಒತ್ತಿದರೆ ಗೊತ್ತಾಗಲ್ಲ, ಎಲ್ಲರೂ ಮಾಡ್ತಾರೆ, ನಾನೂ ಮಾಡ್ತೀನಿ. ಮಿತಿ ಮೀರಿ ಒತ್ತಿದರೆ ಡ್ರಮ್ಮಿನ ಪೆಟ್ಟು ಸಾಯುತ್ತೆ. ಅದಕ್ಕೂ ಮುಂದೆ ಹೋದರೆ ಅಲೆಯ ತಲೆ ಸಪಾಟಾಗಿ ತುಂಡಾಗುತ್ತೆ, ಆಗ ಯಾರೂ ನುಡಿಸದ ಕರಕರ ಸದ್ದು ಹುಟ್ಟುತ್ತೆ. ನಮ್ಮ ಭಾಷೆಯಲ್ಲಿ ಸೌಂಡ್ ಒಡೆಯೋದು. ಮಿಕ್ಸರ್‌ನಲ್ಲಿ ಕೆಂಪು ಲೈಟು ಬರೋದು ಅದನ್ನ ಎಚ್ಚರಿಸೋಕೆ.

ಸಿಡಿ ಕೊಂಡ ಹೊಸತರಲ್ಲಿ ನಾನು ಒಂದು ಹಾಡನ್ನ ಕಂಪ್ಯೂಟರಿಗೆ ಹಾಕಿ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ತೆರೆದೆ. ಹಾಡಿನ ಚಿತ್ರ ಅಂದರೆ ಗುಡ್ಡ ಕಣಿವೆ ಇರಬೇಕು. ಇಲ್ಲಿ ಕಂಡದ್ದು ಪಾರ್ಕಿನ ಬೇಲಿಗಿಡ, ಮೇಲೂ ಕೆಳಗೂ ಕತ್ತರಿ ಆಡಿಸಿದ್ದು. ಜೂಮ್ ಮಾಡುತ್ತಾ ಹೋದೆ, ಒಂದೊಂದು ಅಲೆ ಕಾಣೋವರೆಗೆ. ಅಲೆಯ ತುದಿ ಗುಂಡಗೆ ಇರಬೇಕಾದಲ್ಲಿ ಗೆರೆ ಎಳೆದ ಹಾಗೆ ನೇರ. ಕಿಕ್ ಡ್ರಮ್ಮು (ಕಾಲಲ್ಲಿ ಬಡಿಯೋ ದೊಡ್ಡ ಡ್ರಮ್ಮು), ಗಿಟಾರು ಒಟ್ಟಿಗೆ ಬಿದ್ದಲ್ಲೆಲ್ಲ ಹಾಗೇ. ಪಕ್ಕದಲ್ಲಿ ಅವರದೇ 1991ರ ಆಲ್ಬಂ ತೆರೆದಿಟ್ಟೆ. ಅಲ್ಲಿ ಒಂದೊಂದು ಸ್ನೇರ್ ಏಟನ್ನೂ ಬೆರಳಿಟ್ಟು ಎಣಿಸಬಹುದಿತ್ತು.

ನಿಮ್ಮ ತಲೆ ನೋಯೋದು ಇದಕ್ಕೇ. ಮೆಲ್ಲಗಿನ ಜಾಗವೂ ಜೋರು, ಜೋರಿನ ಜಾಗವೂ ಅಷ್ಟೇ ಜೋರು, ಕಿವಿಗೆ ಬಿಡುವೇ ಇಲ್ಲ, ಮೇಲಿಂದ ಈ ಕರಕರ.

ಇದು ಒಡೆದಿದೆ ಅಂತ ಕೇಳುಗರಿಗೆ ಸಾಬೀತಾಗಿದ್ದು ಹೇಗೆ ಅನ್ನೋದೇ ದೊಡ್ಡ ತಮಾಷೆ. ‘ಗಿಟಾರ್ ಹೀರೋ’ ಅಂತ ಒಂದು ವಿಡಿಯೋ ಗೇಮ್ ಇತ್ತು, ಪ್ಲಾಸ್ಟಿಕ್ ಗಿಟಾರ್ ಹಿಡಿದು ಬಟನ್ ಒತ್ತಿ ಆಡೋದು. ಈ ಆಲ್ಬಂ ಬಂದ ಹೊತ್ತಿಗೇ ಅದರಲ್ಲೂ ಬಂತು. ಆಡುವವನು ತಪ್ಪಿದರೆ ಅವನ ಗಿಟಾರ್ ಮಾತ್ರ ನಿಲ್ಲಬೇಕಲ್ಲ? ಅದಕ್ಕೆ ಆ ಗೇಮಿನವರಿಗೆ ಗಿಟಾರ್ ಬೇರೆ, ಡ್ರಮ್ಸ್ ಬೇರೆ, ಹಾಡು ಬೇರೆ ಅಂತ ಬಿಡಿ ಟ್ರ್ಯಾಕುಗಳು ಹೋಗಿದ್ದವು, ಕೊನೆಯ ಒತ್ತುವಿಕೆ ಆಗುವ ಮೊದಲೇ. ಆಟದಿಂದ ಆಡಿಯೋ ತೆಗೆದು ಕೇಳಿದವರಿಗೆ ಅದೇ ಹಾಡು, ಅದೇ ನುಡಿಸಾಣಿಕೆ, ಆದರೆ ಡ್ರಮ್ಸ್ ಎದೆಗೆ ಬಡಿಯುತ್ತೆ! ದುಡ್ಡು ಕೊಟ್ಟು ಕೊಂಡ ಸಿಡಿಗಿಂತ ಮಕ್ಕಳ ಆಟದ ಸಾಮಾನಿನಲ್ಲಿ ಚೆನ್ನಾಗಿದೆ ಅಂದರೆ ಸಿಟ್ಟು ಬರದೆ ಇರುತ್ತಾ. ಮತ್ತೆ ಮಿಕ್ಸ್ ಮಾಡಿಕೊಡಿ ಅಂತ ಇಂಟರ್ನೆಟ್ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮಾಸ್ಟರಿಂಗ್, ಅಂದರೆ ಮಿಕ್ಸ್ ಮುಗಿದ ಮೇಲಿನ ಕೊನೆಯ ಹದ, ಮಾಡಿದ ಟೆಡ್ ಜೆನ್ಸನ್ ಮೇಲೆ ಎಲ್ಲರೂ ಬಿದ್ದಾಗ, ನನ್ನ ಕೈಗೆ ಬರುವಾಗಲೇ ಮಿಕ್ಸ್ ಆ ಸ್ಥಿತಿಯಲ್ಲಿತ್ತು ಅನ್ನೋ ಅರ್ಥದ ಅವನ ಉತ್ತರ ಹೊರಗೆ ಬಂತು. ಅಂದರೆ ತಪ್ಪು ಅದಕ್ಕೂ ಹಿಂದಿನ ಮೆಟ್ಟಿಲಲ್ಲಿ. ಲಾರ್ಸ್ ಮಾತ್ರ ಸೌಂಡ್ ಚೆನ್ನಾಗೇ ಇದೆ ಅಂತ ಸಮರ್ಥಿಸಿಕೊಂಡ.

ಇಷ್ಟು ಅನುಭವ ಇರುವವರು ಯಾಕೆ ಹೀಗೆ ಮಾಡಿದರು ಅಂತ ನೀವು ಕೇಳಬಹುದು. ನನಗಂತೂ ಆಶ್ಚರ್ಯ ಆಗಲಿಲ್ಲ. ಯಕ್ಷಗಾನದ ಆಟದ ದಿನ ನಾನು ಭಾಗವತರ ಮೈಕು, ಮದ್ದಳೆ, ಚೆಂಡೆ ಎಲ್ಲ ಅಳತೆಗೆ ಕೂರಿಸಿರ್ತೀನಿ. ಚೆಂಡೆಗೆ ಅಂತ ಮೇಲೆ ಒಂದಿಷ್ಟು ಜಾಗ ಬಿಟ್ಟಿರ್ತೀನಿ, ರಾಕ್ಷಸ ವೇಷ ಬಂದಾಗ ಬೇಕಲ್ಲ. ಒಂಬತ್ತೂವರೆಗೆ ಸಂಘಟಕರು ಬಂದು ‘ಎಂತದೋ ಇದು, ಹಿಂದೆ ಕೇಳ್ತಾನೇ ಇಲ್ಲೆ, ಇನ್ನೂ ಸ್ವಲ್ಪ ಏರ್ಸೋ ಮಾರಾಯ’ ಅಂತಾರೆ. ಏರಿಸ್ತೀನಿ. ಹತ್ತೂವರೆಗೆ ಮತ್ತೆ ಬರ್ತಾರೆ. ಮಧ್ಯರಾತ್ರಿಗೆ ಚೆಂಡೆಗೆ ಬಿಟ್ಟ ಜಾಗ ಪೂರ್ತಿ ಖರ್ಚಾಗಿರುತ್ತೆ, ವೇಷ ರಂಗಕ್ಕೆ ಹಾರಿದಾಗ ಚೆಂಡೆ ಭಾಗವತರಿಗಿಂತ ಒಂದು ಚೂರೂ ಮೇಲೆ ಏಳಲ್ಲ. ಒಂದೊಂದು ಸಲ ಏರಿಸಿದಾಗಲೂ ‘ಹಾಂ, ಈಗ ಚೊಲೋ ಆತು’ ಅನ್ನಿಸಿಯೇ ಇರುತ್ತೆ. ಎರಡು ಸೌಂಡ್ ಪಕ್ಕಪಕ್ಕ ಇಟ್ಟರೆ ಜೋರಾಗಿರೋದೇ ಮೊದಲ ಕ್ಷಣಕ್ಕೆ ಚೆನ್ನಾಗಿ ಕೇಳೋದು ಮನುಷ್ಯರ ಕಿವಿಯ ಗುಣ. ತೊಂಬತ್ತರ ದಶಕದಿಂದ ರೆಕಾರ್ಡ್ ಕಂಪನಿಗಳೆಲ್ಲ ಒಬ್ಬರಿಗಿಂತ ಒಬ್ಬರು ಏರಿಸುತ್ತಾ ಹೋಗಿದ್ದೂ ಹೀಗೇ. ಡೆತ್ ಮ್ಯಾಗ್ನೆಟಿಕ್ ಆ ಪೈಪೋಟಿಯ ತುತ್ತತುದಿ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಿತ್ತು. ಎರಡು ದಿನ ಮೊದಲು ದೆಹಲಿ ಪಕ್ಕದ ಗುಡಗಾಂವ್‌ನಲ್ಲಿ ನಡೆಯಬೇಕಿದ್ದದ್ದು ಗಲಾಟೆಯಾಗಿ ರದ್ದಾಗಿತ್ತು. ಇಲ್ಲಿ ಆಗುತ್ತೋ ಇಲ್ಲವೋ ಅಂತ ಬಸ್ಸಿನಲ್ಲಿ ರಾತ್ರಿಯಿಡೀ ನಿದ್ದೆ ಇಲ್ಲ. ಆಯಿತು. ಜನ ಸ್ಟೇಜ್ ನೋಡುತ್ತಿದ್ದರೆ ನಾನು ಅಭ್ಯಾಸಬಲದಿಂದ ಮಧ್ಯದಲ್ಲಿದ್ದ ಮಿಕ್ಸಿಂಗ್ ಟೆಂಟಿನ ಬೆನ್ನಿಗೇ ಹೋಗಿ ನಿಂತೆ, ಸೌಂಡ್ ಸರಿಯಾಗಿ ಕೇಳೋ ಜಾಗ ಅದೇ. ಈ ಆಲ್ಬಂನ ಹಾಡಿಗೆ ಬಂದಾಗ ಗೆಳೆಯ ನನ್ನ ಭುಜ ಹಿಡಿದು ‘ಇದು ಯಾವ ಹಾಡೋ?’ ಅಂತ ಕಿರುಚಿದ. ಮನೆಯಲ್ಲಿ ಅದೇ ಸಿಡಿ ನೂರು ಸಲ ಕೇಳಿದವನು ಅವನು. ಕಿಕ್ ಡ್ರಮ್ಮು ಪ್ಯಾಂಟಿನ ಬಟ್ಟೆ ಅಲ್ಲಾಡಿಸುತ್ತಿತ್ತು. ಹಾಡಿನಲ್ಲಿ ಅಷ್ಟು ಗಾಳಿ ಇದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಇನ್ನು ನೀವು ಯಾವುದನ್ನ ಕೇಳಬೇಕು ಅಂದರೆ, 2008ರ ಸಿಡಿ ಹುಡುಕಿಕೊಂಡು ಹೋಗಬೇಡಿ. 2015ರಲ್ಲಿ ಐಟ್ಯೂನ್ಸ್‌ಗೆ ಅಂತ ಮತ್ತೆ ಮಾಸ್ಟರ್ ಮಾಡಿದ ಆವೃತ್ತಿ ಬಂತು, ಅದು ಸಾಕಷ್ಟು ಸಡಿಲವಾಗಿದೆ. ಸ್ಪಾಟಿಫೈಯಂಥ ಆ್ಯಪ್‌ಗಳು ಈಗ ಎಲ್ಲ ಹಾಡನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತಂದು ನುಡಿಸುತ್ತವೆ. ಹಾಗಾಗಿ ಒತ್ತಿ ಒತ್ತಿ ಗಳಿಸಿದ ಜೋರು ಅಲ್ಲಿ ಲೆಕ್ಕಕ್ಕೇ ಬರಲ್ಲ, ಒಡೆದ ಗುರುತು ಮಾತ್ರ ಉಳಿಯುತ್ತೆ. ಇಯರ್‌ಫೋನ್ ಬೇಡ, ಸಾಧ್ಯವಾದರೆ ಒಂದು ಜೊತೆ ಸ್ಪೀಕರಿನಲ್ಲಿ, ತಗ್ಗಿಸಿ ಕೇಳಿ. ಮೊದಲು ‘ಆಲ್ ನೈಟ್‌ಮೇರ್ ಲಾಂಗ್’, ಆಮೇಲೆ ‘ದ ಡೇ ದಟ್ ನೆವರ್ ಕಮ್ಸ್’. ‘ದ ಅನ್‌ಫರ್ಗಿವನ್ 3’ ಪಿಯಾನೋದಿಂದ ಶುರುವಾಗುತ್ತೆ, ಅದು ಬಹಳ ಜನಕ್ಕೆ ಇಷ್ಟ, ನನಗೆ ಅಷ್ಟಕ್ಕಷ್ಟೇ. ಅದೇ ಬ್ಯಾಂಡು ಉಸಿರಾಡೋದು ಕೇಳಬೇಕು ಅಂದರೆ 2016ರ ‘ಹಾರ್ಡ್‌ವೈರ್ಡ್’ ಹಾಕಿ. ವಿಚಿತ್ರ ಏನಂದರೆ ಅದರ ನಿರ್ಮಾಣದಲ್ಲಿ ಕೂತವನು ಡೆತ್ ಮ್ಯಾಗ್ನೆಟಿಕ್ ಮಿಕ್ಸಿನಲ್ಲಿ ಕೈಯಿದ್ದ ಅದೇ ಗ್ರೆಗ್ ಫಿಡೆಲ್‌ಮನ್.