ಸೈಕಲ್ ಪ್ರಶ್ನೋತ್ತರ: ಕೈಯಲ್ಲೊಂದು ಸ್ಪೇಸರ್ ಉಳಿದಾಗ

ಪ್ರಶ್ನೆ: ತೊಳೆಯಲೆಂದು ಹಿಂದಿನ ಚಕ್ರದ 9 ಸ್ಪೀಡ್ ಕ್ಯಾಸೆಟ್ (ಒಂಬತ್ತು ಹಲ್ಲುಚಕ್ರಗಳ, ಅಂದರೆ ಸ್ಪ್ರಾಕೆಟ್‌ಗಳ, ಜೋಡಣೆ) ಬಿಚ್ಚಿದ್ದೆ. ಜೋಡಿಸಿದ ಮೇಲೆ ಒಂದು ತೆಳ್ಳನೆಯ ಉಂಗುರ ಕೈಯಲ್ಲೇ ಉಳಿಯಿತು. ಕ್ಯಾಸೆಟ್ಟನ್ನು ಹೊರಗಿನಿಂದ ಬಿಗಿದಿಡುವ ಲಾಕ್‌ರಿಂಗ್ ಎಷ್ಟು ಬಿಗಿ ಮಾಡಿದರೂ ಸ್ಪ್ರಾಕೆಟ್‌ಗಳು ಅಲ್ಲಾಡುತ್ತವೆ. ಈ ಉಂಗುರ ಎಲ್ಲಿಯದು?

ಉತ್ತರ: ಅದು ಸ್ಪೇಸರ್, ಅಂದರೆ ಅಂತರ ಕಾಯುವ ಉಂಗುರ. ಬಹುಮಟ್ಟಿಗೆ ಅದು ಎಲ್ಲಕ್ಕಿಂತ ಒಳಗೆ, ಸ್ಪೋಕ್‌ಗಳ ಕಡೆ, ಅತಿ ದೊಡ್ಡ ಸ್ಪ್ರಾಕೆಟ್ಟಿನ ಹಿಂದೆ ಕೂರಬೇಕಾದದ್ದು. ವರ್ನಿಯರ್‌ನಲ್ಲಿ ಅಳೆಯಿರಿ. 1.85 ಮಿ.ಮೀ. ಬಂದರೆ ಅನುಮಾನ ಬೇಡ, ನಿಮ್ಮ ಚಕ್ರದಲ್ಲಿರುವುದು 11 ಸ್ಪೀಡ್ ರೋಡ್ ಕ್ಯಾಸೆಟ್ಟಿಗಾಗಿ ಮಾಡಿದ ಶಿಮಾನೊ ಮಾದರಿಯ ಫ್ರೀಹಬ್ (ಚಕ್ರದ ನಡುವೆ ಕ್ಯಾಸೆಟ್ ಕೂರುವ ಏಣುಳ್ಳ ಭಾಗ). 8, 9, 10 ಸ್ಪೀಡಿನ ಫ್ರೀಹಬ್‌ಗಿಂತ ಅದು ಅಷ್ಟು, ಅಂದರೆ 1.85 ಮಿ.ಮೀ., ಹೆಚ್ಚು ಉದ್ದ. ಆ ಉಂಗುರ ಬಿಟ್ಟುಹೋದರೆ ಲಾಕ್‌ರಿಂಗ್ ಸ್ಪ್ರಾಕೆಟ್ಟನ್ನು ಒತ್ತುವ ಮೊದಲೇ ಫ್ರೀಹಬ್ಬಿನ ತುದಿಗೆ ತಾಗಿ ನಿಂತುಬಿಡುತ್ತದೆ. ಕೈಗೆ ಬಿಗಿಯಾದಂತೆ ಅನ್ನಿಸುತ್ತದೆ, ಕ್ಯಾಸೆಟ್ ಮಾತ್ರ ಸಡಿಲ. ಹಾಗೆಯೇ ಓಡಿಸಿದರೆ ಬಿಡಿ ಸ್ಪ್ರಾಕೆಟ್‌ಗಳು ಅಲ್ಯೂಮಿನಿಯಂ ಫ್ರೀಹಬ್ಬಿನ ಏಣುಗಳನ್ನು ಕೊರೆಯುತ್ತವೆ.

ಉಂಗುರವನ್ನು ಸ್ಪ್ರಾಕೆಟ್‌ಗಳ ನಡುವೆ ಎಲ್ಲೋ ಒಂದು ಕಡೆ ತುರುಕಿದರೂ ಅಲ್ಲಾಟ ನಿಲ್ಲುತ್ತದೆ. ಮೋಸ ಇರುವುದೇ ಅಲ್ಲಿ: ಅಲ್ಲಿಂದ ಆಚೆಗಿನ ಗೇರ್‌ಗಳೆಲ್ಲ ಜಾಗ ತಪ್ಪುತ್ತವೆ. ಸರಿಯಾಗಿ ಕೂತಿದೆಯೇ ಎಂದು ನೋಡಲು ಲಾಕ್‌ರಿಂಗ್ ಹಾಕುವ ಮುನ್ನ ಬದಿಯಿಂದ ಕಣ್ಣು ಹಾಯಿಸಿ. ಅತಿ ಚಿಕ್ಕ ಸ್ಪ್ರಾಕೆಟ್ಟಿನ ಮುಖ ಫ್ರೀಹಬ್ಬಿನ ತುದಿಗಿಂತ ತುಸು ಹೊರಗೆ ನಿಂತಿರಬೇಕು. ಸಮಕ್ಕಿದ್ದರೂ ತಪ್ಪೇ.

ಪ್ರಶ್ನೆ: ನನ್ನದೂ 9 ಸ್ಪೀಡ್. ಒಂದು ಸ್ಪೇಸರ್ ಕಳೆದುಹೋಗಿ ಹಳೆಯ 8 ಸ್ಪೀಡ್ ಕ್ಯಾಸೆಟ್ಟಿನದನ್ನು ಹಾಕಿದೆ. ದೊಡ್ಡ ಗೇರ್‌ಗಳು ಸರಿಯಿವೆ, ಚಿಕ್ಕವುಗಳಲ್ಲಿ ಚೈನ್ ಕಟಕಟ ಅನ್ನುತ್ತದೆ. ಕೇಬಲ್ ಸಡಿಲಿಸಿದರೆ ಚಿಕ್ಕವು ಸರಿಹೋಗಿ ದೊಡ್ಡವು ಕೆಡುತ್ತವೆ.

ಉತ್ತರ: ಶಿಮಾನೊ 8 ಸ್ಪೀಡಿನ ಸ್ಪೇಸರ್ 3 ಮಿ.ಮೀ., 9 ಸ್ಪೀಡಿನದು 2.56. ವ್ಯತ್ಯಾಸ 0.44 ಮಿ.ಮೀ. ಮಾತ್ರ, ಆದರೆ ಅದು ಒಂದೇ ಸಂದಿನಲ್ಲಿ ಮುಗಿಯುವುದಿಲ್ಲ. ದಪ್ಪ ಸ್ಪೇಸರಿನಿಂದ ಹೊರಗಿರುವ ಸ್ಪ್ರಾಕೆಟ್‌ಗಳೆಲ್ಲ ಅಷ್ಟು ಆಚೆ ಸರಿದಿವೆ, ಶಿಫ್ಟರ್ (ಗೇರ್ ಬದಲಿಸುವ ಲಿವರ್) ಮಾತ್ರ ಹಳೆಯ ಅಳತೆಯಲ್ಲೇ ಕೇಬಲ್ ಎಳೆಯುತ್ತಿದೆ. ಕೇಬಲ್ ಎಷ್ಟು ತಿರುಚಿದರೂ ಒಂದು ಬದಿ ಸರಿಹೋದರೆ ಇನ್ನೊಂದು ಹಾಳು. ಹೀಗೆ ಒಂದು ನಿರ್ದಿಷ್ಟ ಹಲ್ಲುಚಕ್ರದಿಂದಾಚೆ ಥಟ್ಟನೆ ಕೆಡುವುದು ಸ್ಪೇಸರ್ ತಪ್ಪಿನ ಗುರುತು. ಡಿರೇಲರ್ ಹ್ಯಾಂಗರ್ (ಚೈನ್ ಸರಿಸುವ ಡಿರೇಲರನ್ನು ಚೌಕಟ್ಟಿಗೆ ಹಿಡಿದಿರುವ ಲೋಹದ ತುಂಡು) ಬಗ್ಗಿದ್ದರೆ ಸಮಸ್ಯೆ ಗೇರಿನಿಂದ ಗೇರಿಗೆ ಮೆಲ್ಲಗೆ ಏರುತ್ತದೆ.

9 ಸ್ಪೀಡಿನದೇ ಒಂದು ಸ್ಪೇಸರ್ ತನ್ನಿ. ಬಣ್ಣ, ಪ್ಲಾಸ್ಟಿಕ್ಕೋ ಲೋಹವೋ ಎಂದು ನೋಡಿ ನಂಬಬೇಡಿ, ಅಳತೆಯೊಂದೇ ಗತಿ. ವರ್ನಿಯರ್ ಇಲ್ಲವೆಂದರೆ ಅನುಮಾನದ ಸ್ಪೇಸರನ್ನೂ ಒಳ್ಳೆಯದನ್ನೂ ಗಾಜಿನ ಮೇಲೆ ಒತ್ತಿಟ್ಟು ಅಂಚಿನ ಮೇಲೆ ಉಗುರು ಎಳೆಯಿರಿ, ಅರ್ಧ ಮಿ.ಮೀ. ಏರು ಕೂಡ ಉಗುರಿಗೆ ಸಿಗುತ್ತದೆ.

ಇನ್ನೊಂದು ಸಂಗತಿ. ಅತಿ ಚಿಕ್ಕ ಸ್ಪ್ರಾಕೆಟ್ಟಿಗೆ, ಕೆಲವು ಕ್ಯಾಸೆಟ್‌ಗಳಲ್ಲಿ ಅದರ ಪಕ್ಕದ್ದಕ್ಕೂ, ಒಳಬದಿಯಲ್ಲಿ ಸ್ಪೇಸರ್ ಸೇರಿಸಿಯೇ ಎರಕ ಹೊಯ್ದಂತೆ ಒಂದು ಕತ್ತು ಇರುತ್ತದೆ. ಅಲ್ಲಿ ಬೇರೆ ಸ್ಪೇಸರ್ ಹಾಕಿದರೆ ಲಾಕ್‌ರಿಂಗಿಗೆ ಸಾಕಷ್ಟು ಥ್ರೆಡ್ ಸಿಗುವುದಿಲ್ಲ. ಮುಂದಿನ ಸಲ ಬಿಚ್ಚುವಾಗ ಒಂದೊಂದನ್ನೇ ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿಬಿಡಿ, ತೊಳೆಯುವುದೂ ತಂತಿಯಲ್ಲೇ ಇರಲಿ.

ಪ್ರಶ್ನೆ: ಲಾಕ್‌ರಿಂಗ್ ಬಿಗಿಯುವಾಗ ಕಟಕಟ ಶಬ್ದ ಬರುತ್ತದೆ. ಥ್ರೆಡ್ ಹೋಗುತ್ತಿದೆಯೇ?

ಉತ್ತರ: ಇಲ್ಲ. ಲಾಕ್‌ರಿಂಗಿನ ಒಳಮುಖದಲ್ಲೂ ಕೊನೆಯ ಸ್ಪ್ರಾಕೆಟ್ಟಿನ ಮೇಲೂ ಇರುವ ಸಣ್ಣ ಗೀರುಗಳು ಒಂದಕ್ಕೊಂದು ಕಚ್ಚುವ ಶಬ್ದ ಅದು. ತಾನಾಗಿ ಸಡಿಲವಾಗದಿರಲೆಂದೇ ಆ ಗೀರು. ಥ್ರೆಡ್‌ಗೆ ಸ್ವಲ್ಪ ಗ್ರೀಸ್ ಸವರಿ, ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ತಡೆ ಸಿಕ್ಕರೆ ಥ್ರೆಡ್ ಅಡ್ಡ ಕೂತಿದೆ, ಇಲ್ಲವೇ ಕೊನೆಯ ಸ್ಪ್ರಾಕೆಟ್ ತನ್ನ ಗ್ರೂವ್‌ಗೆ ಇಳಿದಿಲ್ಲ. ಗ್ರೂವ್‌ಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಬೇರೆ ಅಗಲದ್ದು, ಅದಕ್ಕೆ ಹೊಂದಿಸಿದರೆ ಸ್ಪ್ರಾಕೆಟ್ ಸಲೀಸಾಗಿ ಜಾರುತ್ತದೆ. ಹಲ್ಲಿನ ಸಂಖ್ಯೆ ಕೊರೆದ ಮುಖ ಹೊರಗಿರಲಿ. ಕೊನೆಯ ಬಿಗಿತ 40 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ದರೆ 25 ಸೆಂ.ಮೀ. ಹಿಡಿಯ ತುದಿಯಲ್ಲಿ ಸುಮಾರು 16 ಕೆ.ಜಿ. ಭಾರ ಹಾಕಿದಷ್ಟು ಒತ್ತಡ. ಬಿಗಿಯುವಾಗ ಚೈನ್ ವಿಪ್ (ಸ್ಪ್ರಾಕೆಟ್ ತಿರುಗದಂತೆ ಹಿಡಿಯುವ, ಚೈನ್ ತುಂಡಿರುವ ಸಲಕರಣೆ) ಬೇಡ, ಆ ದಿಕ್ಕಿನಲ್ಲಿ ಫ್ರೀಹಬ್ ತಾನೇ ಕಚ್ಚಿಕೊಳ್ಳುತ್ತದೆ. ಬಿಚ್ಚುವಾಗ ಮಾತ್ರ ಬೇಕು.